ದಮ್ಮು ಬಂದರೆ ವಯಸ್ಸಾಯಿತೆಂದು ಸುಮ್ಮನಾಗಬೇಡಿ

ಊರಿನಿಂದ ಉಮ್ಮ ಬಂದಿದ್ದಾರೆ. ಬಿಟಿಎಂ ಲೇಔಟ್‌ನಲ್ಲಿ ಮಗನ ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೊದಲ ಮಹಡಿಯ ತಿರುವಿನಲ್ಲಿ ಅವರು ನಿಲ್ಲುತ್ತಾರೆ. ತಲೆಯ ಶಾಲು ಸರಿ ಮಾಡಿಕೊಳ್ಳುವ ನೆಪ, ಕೈಚೀಲ ಬದಲಾಯಿಸುವ ನೆಪ. ಮಗ ಮೇಲಿನಿಂದ "ಏನಾಯ್ತು ಉಮ್ಮಾ?" ಎಂದರೆ, "ಏನಿಲ್ಲ ಮಗಾ, ವಯಸ್ಸಾಯ್ತಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಗುರಪ್ಪನಪಾಳ್ಯದಿಂದ ಹಿಡಿದು ಇಲ್ಯಾಸ್ ನಗರದವರೆಗೆ ನಮ್ಮವರ ಎಷ್ಟೋ ಮನೆಗಳ ಮೆಟ್ಟಿಲುಗಳಲ್ಲಿ ದಿನಾ ನಡೆಯುವ ಮಾತುಕತೆ ಇದು. ಮಗನೂ ನಂಬುತ್ತಾನೆ, ನಾವೂ ನಂಬುತ್ತೇವೆ.

ಆದರೆ ಅರುವತ್ತು ದಾಟಿದ ಮಾತ್ರಕ್ಕೆ ಒಂದು ಮಹಡಿ ಹತ್ತುವಾಗ ದಮ್ಮು ಕಟ್ಟಬೇಕಾಗಿಲ್ಲ. ದಮ್ಮು ಕಟ್ಟುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಹೃದಯದ್ದಿರಬಹುದು, ರಕ್ತ ಕಡಿಮೆಯಾಗಿರಬಹುದು. ಬಹಳ ಸಲ ಅದು ಶ್ವಾಸಕೋಶದ್ದು. "ಉಮ್ಮ ಜೀವಮಾನದಲ್ಲಿ ಬೀಡಿ ಮುಟ್ಟಿದವರಲ್ಲ, ಅವರಿಗೆ ಎಲ್ಲಿಂದ ಶ್ವಾಸಕೋಶದ ಕಾಯಿಲೆ?" ಎಂದು ಕೇಳುವವರಿದ್ದಾರೆ. ಬೀಡಿ ಸೇದದಿರಬಹುದು, ಹೊಗೆಯನ್ನು ಮಾತ್ರ ಸಾಕಷ್ಟು ಕುಡಿದಿದ್ದಾರೆ. ಗ್ಯಾಸ್ ಬರುವ ಮೊದಲಿನ ನಮ್ಮ ಊರಿನ ಅಡುಗೆಮನೆ ನೆನಪಿಸಿಕೊಳ್ಳಿ. ಒದ್ದೆ ಸೌದೆ, ತೆಂಗಿನ ಮಡಲು, ಗೆರಟೆ. ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ, ಊದುಕೊಳವೆಯಲ್ಲಿ ಊದಿ ಊದಿ ಕೆಂಪಾದ ಕಣ್ಣು. ರಂಝಾನಿನ ಇಳಿಹೊತ್ತಿನಲ್ಲಿ ಒಲೆಯ ಮುಂದೆ ಕೂತು ಪತ್ತಿರಿ ಸುಡುವುದೆಂದರೆ ಎರಡು ಗಂಟೆಯ ಕೆಲಸ. ಒಲೆಯಿಂದ ಎದ್ದರೆ ಮಡಿಲಲ್ಲಿ ಮೊರ, ಮೊರದಲ್ಲಿ ಬೀಡಿ ಎಲೆ, ಹೊಗೆಸೊಪ್ಪಿನ ಪುಡಿ. ಬೀಡಿ ಸೇದಿದವರು ಯಾರೋ, ಆ ಪುಡಿಯ ಘಾಟು ಕುಡಿದವರು ನಮ್ಮ ಹೆಂಗಸರು.

ಇದಕ್ಕೊಂದು ಲೆಕ್ಕವನ್ನೂ ನಮ್ಮ ರಾಜ್ಯದ ವೈದ್ಯರೇ ಹಾಕಿಟ್ಟಿದ್ದಾರೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನವರು ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕಳೆದಿದ್ದಾರೆ, ಎಷ್ಟು ವರ್ಷ ಕಳೆದಿದ್ದಾರೆ, ಇವೆರಡನ್ನು ಗುಣಿಸಿ. 60 ಬಂದರೆ ಅಲ್ಲಿಂದ ಮುಂದೆ ದೀರ್ಘಕಾಲದ ಕಫ-ಕೆಮ್ಮಿನ ಕಾಯಿಲೆಯ ಅಪಾಯ ಎಂದು ಅವರು ಗೆರೆ ಎಳೆದರು. ಹದಿನಾರನೇ ವಯಸ್ಸಿಗೆ ಅಡುಗೆಮನೆ ಹೊಕ್ಕು ದಿನಕ್ಕೆ ನಾಲ್ಕು ಗಂಟೆ ಒಲೆಯ ಮುಂದೆ ಕೂತ ಹುಡುಗಿ ಮೂವತ್ತೊಂದು ವರ್ಷಕ್ಕೇ ಆ ಗೆರೆ ಮುಟ್ಟುತ್ತಾಳೆ. ಮೂವತ್ತು ವರ್ಷ ಅಡುಗೆ ಮಾಡಿದವರ ಲೆಕ್ಕ 120. ಇವತ್ತು ರಾತ್ರಿ ಉಮ್ಮನ ಹತ್ತಿರ ಕೂತು ಈ ಲೆಕ್ಕ ಒಮ್ಮೆ ಹಾಕಿ ನೋಡಿ.

ಸಿಒಪಿಡಿ ಎಂದು ವೈದ್ಯರು ಚೀಟಿಯಲ್ಲಿ ಬರೆಯುವುದು ಈ ಕಾಯಿಲೆಯನ್ನೇ. ವರ್ಷಗಟ್ಟಲೆ ಹೊಗೆ, ಧೂಳು ಕುಡಿದು ಶ್ವಾಸನಾಳಗಳು ದಪ್ಪಗಟ್ಟಿ, ಗಾಳಿಗೂಡುಗಳು ಸವೆದು, ಒಳಗೆ ಹೋದ ಗಾಳಿ ಸಲೀಸಾಗಿ ಹೊರಬರದ ಸ್ಥಿತಿ. ಸಾಮಾನ್ಯವಾಗಿ ನಲುವತ್ತರ ನಂತರ ತಲೆಹಾಕುತ್ತದೆ, ನಿಧಾನಕ್ಕೆ ಹೆಚ್ಚುತ್ತಾ ಹೋಗುತ್ತದೆ. ಹಾಳಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಆದರೆ ಹಾಳಾಗುವ ವೇಗ ತಗ್ಗಿಸಬಹುದು, ದಮ್ಮು ಕಡಿಮೆ ಮಾಡಬಹುದು. ಅಸ್ತಮಾ ಬೇರೆ. ಅದು ಬಹಳ ಸಲ ಚಿಕ್ಕಂದಿನಲ್ಲೇ ಶುರು, ಮನೆತನದಲ್ಲಿ ಅಲರ್ಜಿ, ಕಜ್ಜಿ, ಸೀನು ಇದ್ದರೆ ಹೆಚ್ಚು. ಶ್ವಾಸನಾಳದ ಒಳಪೊರೆ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಧೂಳೋ ಶೀತವೋ ತಾಗಿದ ಕೂಡಲೇ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಎದೆಯಲ್ಲಿ ಸುಯ್ ಸುಯ್ ಎಂಬ ಶಬ್ದ, ಬೆಳಗಿನ ಜಾವ ಕೆಮ್ಮು. ಮದ್ದು ತೆಗೆದುಕೊಂಡರೆ ಬಿಗಿತ ಬಿಡುತ್ತದೆ, ಮನುಷ್ಯ ಏನೂ ಆಗದವನಂತೆ ಓಡಾಡುತ್ತಾನೆ. ಈ ಬಂದು-ಹೋಗುವ ಗುಣವೇ ಅಸ್ತಮಾದ ಗುರುತು, ಮೋಸವೂ ಅದೇ. ವಾಸಿಯಾಯಿತೆಂದು ಮದ್ದು ಬಿಡುತ್ತೇವೆ, ಒಳಗಿನ ಊತ ಹಾಗೇ ಇರುತ್ತದೆ.

ದೇಶದ ಲೆಕ್ಕ ಒಂದು ಸಲ ಹೇಳಿ ಮುಂದೆ ಹೋಗುತ್ತೇವೆ. 2016ರಲ್ಲಿ ಭಾರತದಲ್ಲಿ 5.53 ಕೋಟಿ ಸಿಒಪಿಡಿ ರೋಗಿಗಳು, 3.79 ಕೋಟಿ ಅಸ್ತಮಾ ರೋಗಿಗಳು ಇದ್ದರೆಂದು ಜಾಗತಿಕ ರೋಗಭಾರ ಅಧ್ಯಯನದ ಅಂದಾಜು. 1990ರಲ್ಲಿ ಸಿಒಪಿಡಿಯವರ ಸಂಖ್ಯೆ 2.81 ಕೋಟಿ ಇತ್ತು. ಸಿಒಪಿಡಿಯ ಒಟ್ಟು ಹೊರೆಯಲ್ಲಿ ಶೇ. 53.7ರಷ್ಟಕ್ಕೆ ಮನೆಯ ಮತ್ತು ಹೊರಗಿನ ಕೆಟ್ಟ ಗಾಳಿ ಕಾರಣ, ತಂಬಾಕು ಶೇ. 25.4 ಮಾತ್ರ. "ಸೇದದವರಿಗೆ ಬರುವುದಿಲ್ಲ" ಎನ್ನುವ ಮಾತು ಇಲ್ಲಿಗೆ ಮುಗಿಯಬೇಕು.

ಇನ್ನು ನಮ್ಮ ಬೆಂಗಳೂರು. ಮಂಗಳೂರಿನ ಸೆಕೆ ಬಿಟ್ಟು ಇಲ್ಲಿಗೆ ಬಂದ ಮೊದಲ ತಿಂಗಳು ಎಲ್ಲರೂ ಹೊಗಳುವುದು ಇಲ್ಲಿನ ಹವಾ. ಮೂರನೇ ತಿಂಗಳಿಂದ ಮಕ್ಕಳ ಮೂಗು ಸೋರಲು ಶುರು. ಈ ಊರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನ ಪ್ರಸಿದ್ಧವಾದುದು. 1979ರಲ್ಲಿ ಆ ಮಕ್ಕಳಲ್ಲಿ ಶೇ. 9ರಷ್ಟು ಮಂದಿಗೆ ಅಸ್ತಮಾ ಇತ್ತು. 1989ಕ್ಕೆ ಶೇ. 18.5, 1999ಕ್ಕೆ ಶೇ. 29.5. ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಾದ್ದರಿಂದ ಇಡೀ ಊರಿಗೆ ಇದನ್ನು ಹಾಗೇ ಹಚ್ಚುವಂತಿಲ್ಲ. ಆದರೆ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟಿಗೂ ಮೀರಿ ಏರಿದ್ದು ಸುಳ್ಳಲ್ಲ. ಅವರೇ 12 ಶಾಲೆಗಳ 6,550 ಮಕ್ಕಳನ್ನು ನೋಡಿದಾಗ, ವಾಹನ ದಟ್ಟಣೆ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ ಶೇ. 11.15, ದಟ್ಟಣೆಯ ರಸ್ತೆ ಬದಿಯ ಶಾಲೆಗಳಲ್ಲಿ ಶೇ. 19.34, ದಟ್ಟಣೆಯ ಜೊತೆಗೆ ಬಡತನವೂ ಸೇರಿದ ಕಡೆ ಶೇ. 31.14 ಮಕ್ಕಳಿಗೆ ಅಸ್ತಮಾ ಕಂಡಿತು. ಕೊನೆಯ ಸಂಖ್ಯೆಯನ್ನು ನಾವು ಎರಡೆರಡು ಸಲ ಓದಿದೆವು. ಒಂದೇ ಕೋಣೆಯಲ್ಲಿ ಅಡುಗೆ, ಮಲಗುವುದು, ಓದುವುದು ಎಲ್ಲ ನಡೆಯುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಆ ಅಧ್ಯಯನದ ಕಾಲದ ಬೆಂಗಳೂರು ಈಗಿನದಕ್ಕೆ ಹೋಲಿಸಿದರೆ ಹಳ್ಳಿ. ಈಗ ನಗರದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬೈಕಿನಲ್ಲಿ ನಿಂತವರಿಗೆ ಹೆಚ್ಚು ವಿವರಿಸಬೇಕಿಲ್ಲ. ಗಾಳಿಯ ಗುಣಮಟ್ಟ ಅಳೆಯುವ ಸರ್ಕಾರಿ ಯಂತ್ರಗಳು ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್, ಜಯನಗರ ಐದನೇ ಬ್ಲಾಕ್ ಮೂರೂ ಕಡೆ ಇವೆ. ಮೊಬೈಲಿನಲ್ಲೇ ದಿನದ ಲೆಕ್ಕ ನೋಡಬಹುದು. ಮಗುವಿಗೆ ಉಬ್ಬಸ ಇದ್ದ ಮನೆಯವರು ಹವಾಮಾನ ನೋಡಿದಂತೆ ಇದನ್ನೂ ನೋಡುವುದು ಒಳ್ಳೆಯದು. ಒಂದು ಎಚ್ಚರ ಬೇಕು. ಪಿಎಂ 2.5 ಎಂಬ ಸೂಕ್ಷ್ಮ ಧೂಳಿಗೆ ನಮ್ಮ ದೇಶದ ವಾರ್ಷಿಕ ಮಿತಿ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ನಮ್ಮ ಮಿತಿಯೊಳಗೆ ಇದೆಯೆಂದ ಮಾತ್ರಕ್ಕೆ ಮಗುವಿನ ಎದೆಗೆ ಅದು ಒಪ್ಪಿತವೆಂದು ಅರ್ಥವಲ್ಲ.

ಪಟ್ಟಣದ ಕೆಟ್ಟ ಗಾಳಿಗೂ ಉಬ್ಬಸಕ್ಕೂ ಇರುವ ನಂಟು ಹೊಸ ಸಂಗತಿಯೂ ಅಲ್ಲ. ಸುಲ್ತಾನ್ ಸಲಾಹುದ್ದೀನರ ಕಾಲದ ಯಹೂದಿ ವೈದ್ಯ ಮೂಸಾ ಬಿನ್ ಮೈಮೂನ್ ಹನ್ನೆರಡನೇ ಶತಮಾನದ ಕೊನೆಗೆ ಉಬ್ಬಸದ ಬಗ್ಗೆಯೇ ಅರಬಿಯಲ್ಲಿ ಒಂದು ಗ್ರಂಥ ಬರೆದರು. ಅದರಲ್ಲೂ ಪಟ್ಟಣದ ಗಾಳಿಯ ದೂರು ಇದೆ. ಆಗ ಸಿಲ್ಕ್ ಬೋರ್ಡ್ ಇರಲಿಲ್ಲ!

ಹೊರಗಿನ ಗಾಳಿ ನಮ್ಮ ಕೈಯಲ್ಲಿಲ್ಲ, ಅಂಗಡಿಯೊಳಗಿನದು ಇದೆ. ಬೆಂಗಳೂರಿಗೆ ಬಂದ ನಮ್ಮ ಹುಡುಗರಲ್ಲಿ ಬೇಕರಿ, ಕಾಂಡಿಮೆಂಟ್ಸ್, ಹೋಟೆಲ್, ಜ್ಯೂಸ್ ಅಂಗಡಿಗಳಲ್ಲಿ ದುಡಿಯುವವರು ಬಹಳ. ಬೇಕರಿಯವರ ಉಬ್ಬಸ ಎಂಬ ಹೆಸರಿನದೇ ಒಂದು ಕಾಯಿಲೆ ಇದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಹಿಟ್ಟಿನ ಧೂಳಿನಿಂದ ರೊಟ್ಟಿ ಸುಡುವವರಿಗೆ ದಮ್ಮು ಬರುತ್ತದೆಂದು ಇಟಲಿಯ ವೈದ್ಯ ರಮಾಝಿನಿ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಮೈದಾ, ಜೊತೆಗೆ ಹಿಟ್ಟು ಉಬ್ಬಲು ಸೇರಿಸುವ ಕೆಲವು ಪುಡಿಗಳು, ಕೆಲವರ ಮೈಗೆ ಅಲರ್ಜಿ. ಮೊದಲು ಸೀನು, ಕಣ್ಣು ತುರಿಕೆ, ವರ್ಷ ಕಳೆದಂತೆ ಎದೆ ಬಿಗಿತ. ಇದನ್ನು ಹಿಡಿಯುವ ಸುಲಭದ ಸುಳಿವು ಊರಿಗೆ ಹೋದ ವಾರ. ಪೆರ್ನಾಲಿಗೆ ಊರಿಗೆ ಹೋದರೆ ಎಂಟು ದಿನ ಸಲೀಸು, ತಿರುಗಿ ಬಂದು ಅಂಗಡಿಯಲ್ಲಿ ಎರಡು ದಿನ ನಿಂತರೆ ಮತ್ತೆ ಕೆಮ್ಮು. ನಮ್ಮವರು ಇದಕ್ಕೆ "ಬೆಂಗಳೂರು ಹವಾ ಆಗುವುದಿಲ್ಲ" ಎಂದು ಹೆಸರಿಟ್ಟು ಕೆಮ್ಮಿನ ಸಿರಪ್ ಕುಡಿಯುತ್ತಾರೆ. ಹವಾದ ತಪ್ಪಿಲ್ಲದೆಯೂ ಇರಬಹುದು, ಮೈದಾ ಮೂಟೆಯದಿರಬಹುದು. ವೈದ್ಯರಿಗೆ ನಿಮ್ಮ ಕೆಲಸ ಏನೆಂದು ಹೇಳಿ, ಅವರು ಕೇಳದಿದ್ದರೂ ಹೇಳಿ.

ಮಾಲೀಕರಾಗಿರುವ ನಮ್ಮ ಕಾಕಂದಿರಿಗೂ ಒಂದು ಮಾತು. ಹಿಟ್ಟನ್ನು ಮೇಲಿಂದ ಸುರಿಯದೆ ಪಾತ್ರೆಗೆ ತಗ್ಗಿಸಿ ನಿಧಾನಕ್ಕೆ ಹಾಕಿಸಿ. ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿಸಿ. ಕಲಸುವ ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನ್, ಹುಡುಗನಿಗೆ ಒಳ್ಳೆಯ ಮಾಸ್ಕ್. ಇದ್ದಿಲಿನ ಮೇಲೆ ಕೋಳಿ ಸುಡುವವನ ಕಥೆಯೂ ಇದೇ. ರಾತ್ರಿ ಹನ್ನೆರಡರವರೆಗೆ ಆ ಹೊಗೆಯ ಮುಂದೆ ನಿಲ್ಲುವವನಿಗೆ ಹೊಗೆ ಮೇಲೆ ಎಳೆಯುವ ಚಿಮಣಿ ಬೇಕೇ ಬೇಕು. ಇಷ್ಟು ಖರ್ಚು ಮಾಡಲಾಗದ ಅಂಗಡಿ ಇದೆಯೆಂದು ನಾವು ನಂಬುವುದಿಲ್ಲ.

ಮನೆಯೊಳಗೆ ಬಂದರೆ ನಮ್ಮ ಪ್ರೀತಿಯ ವಸ್ತುಗಳ ಮೇಲೇ ದೂರು ಹೇಳಬೇಕಾಗುತ್ತದೆ. ಶುಕ್ರವಾರ ಸಾಂಬ್ರಾಣಿ, ಗಲ್ಫಿನಿಂದ ಬಂದ ಊದು, ಮೌಲೂದಿನ ದಿನ ಕೋಣೆ ತುಂಬ ಅಗರಬತ್ತಿ. ಪರಿಮಳ ಚೆಂದ, ಆದರೆ ಹೊಗೆ ಹೊಗೆಯೇ. ಉಬ್ಬಸದವರಿರುವ ಮನೆಯಲ್ಲಿ ಮುಚ್ಚಿದ ಕೋಣೆಯಲ್ಲಿ ಬೇಡ. ಅದಕ್ಕಿಂತ ಕೆಟ್ಟದ್ದು ಸೊಳ್ಳೆ ಬತ್ತಿ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಧೂಳು ಬಿಡುತ್ತದೆಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಳೆದು ಹೇಳಿದೆ. ಮಗು ಮಲಗಿದ ಕೋಣೆಯಲ್ಲಿ ಬಾಗಿಲು ಮುಚ್ಚಿ ಅದನ್ನು ಹಚ್ಚುತ್ತೇವಲ್ಲ! ಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ. ಕಾರ್ಪೆಟ್, ಹತ್ತಿ ದಿಂಬು, ವರ್ಷಕ್ಕೊಮ್ಮೆ ಒಗೆಯುವ ಮುಸಲ್ಲಾ, ಇವುಗಳಲ್ಲಿ ಕಣ್ಣಿಗೆ ಕಾಣದ ಧೂಳುಹುಳಗಳು ಬೆಳೆಯುತ್ತವೆ. ಹಾಸಿಗೆ ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಖಾಲಿ ಸೈಟುಗಳ ತುಂಬ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಪರಾಗವೂ ಬೆಂಗಳೂರಿನವರ ಮೂಗಿಗೆ ಹಳೆಯ ಶತ್ರು. ಹುಕ್ಕಾದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೇ ನಿಷೇಧಿಸಿದೆ. "ನೀರಿನಲ್ಲಿ ಸೋಸಿ ಬರುವ ಹೊಗೆ, ಏನೂ ಆಗಲ್ಲ" ಎನ್ನುವ ಹುಡುಗರಿಗೆ ಮನೆಯ ಹಿರಿಯರು ಗದರಿದರೆ ಸಾಕು.

ಈಗ ಇನ್ಹೇಲರ್. ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ ಎಂದರೂ ಸರಿ. "ಇನ್ಹೇಲರ್ ಶುರು ಮಾಡಿದರೆ ಮತ್ತೆ ಬಿಡಲಾಗದು, ಚಟವಾಗುತ್ತದೆ, ಅದು ಕೊನೆಯ ಹಂತದ್ದು" ಎಂದು ಹೇಳದ ಮನೆ ನಮ್ಮಲ್ಲಿ ಅಪರೂಪ. ಹಾಗೆ ಹೇಳುತ್ತಲೇ ಮಾತ್ರೆ ನುಂಗುತ್ತೇವೆ. ಲೆಕ್ಕ ನೋಡಿ. ದಮ್ಮು ಬಿಡಿಸುವ ಸಾಲ್ಬುಟಮಾಲ್ ಮದ್ದು ಇನ್ಹೇಲರ್ ಒಂದು ಸಲ ಒತ್ತಿದರೆ 100 ಮೈಕ್ರೋಗ್ರಾಂ ಬರುತ್ತದೆ. ಅದೇ ಮದ್ದಿನ ಒಂದು 4 ಮಿಲಿಗ್ರಾಂ ಮಾತ್ರೆಯಲ್ಲಿರುವುದು 4,000 ಮೈಕ್ರೋಗ್ರಾಂ, ಅಂದರೆ 40 ಸಲ ಒತ್ತಿದಷ್ಟು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರುತ್ತದೆ. ಕೈ ನಡುಗುವುದು, ಎದೆ ಡವಗುಟ್ಟುವುದು ಅದಕ್ಕೇ. ಇನ್ಹೇಲರ್ ನೇರ ಎದೆಗೆ. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರುವವರಿಗೂ ಇದೇ ಉತ್ತರ. ಇನ್ಹೇಲರ್‌ನಲ್ಲಿ ಅದು ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತದೆ, ಮಾತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ. ದಮ್ಮು ಬಂದಾಗಲೆಲ್ಲ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನುಂಗುವ ಸ್ಟೀರಾಯ್ಡ್ ಮಾತ್ರೆ ಸಕ್ಕರೆ ಕಾಯಿಲೆಯನ್ನು ಏರಿಸುತ್ತದೆ, ಮೂಳೆಯನ್ನು ಸವೆಸುತ್ತದೆ. ಹೆದರಬೇಕಾದದ್ದು ಅದಕ್ಕೆ.

ಇನ್ನೊಂದು ತಪ್ಪು ವಿದ್ಯಾವಂತರ ಮನೆಗಳಲ್ಲೂ ಇದೆ. ದಮ್ಮು ಬಿಡಿಸುವ ಇನ್ಹೇಲರ್ ಒಂದನ್ನೇ ಕಿಸೆಯಲ್ಲಿಟ್ಟುಕೊಂಡು ಬೇಕೆನಿಸಿದಾಗ ಎಳೆಯುವುದು. ಅದು ಸ್ನಾಯುವಿನ ಬಿಗಿತ ಬಿಡಿಸುತ್ತದೆಯೇ ಹೊರತು ಒಳಗಿನ ಊತ ಇಳಿಸುವುದಿಲ್ಲ. ಅಸ್ತಮಾಕ್ಕೆ ಆ ಒಂದೇ ಮದ್ದಿನ ಮೇಲೆ ನಿಲ್ಲಬಾರದೆಂದು 2019ರಿಂದ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತಿದೆ. ಊತ ಇಳಿಸುವ ಮದ್ದು ಇರುವ ಇನ್ಹೇಲರನ್ನು ವೈದ್ಯರು ಹೇಳಿದಂತೆ, ಆರಾಮ ಇರುವ ದಿನವೂ ತೆಗೆದುಕೊಳ್ಳಬೇಕು. ಎಳೆಯುವ ಕ್ರಮವೂ ಮುಖ್ಯ. ಸ್ಪ್ರೇ ಮಾದರಿಯದಾದರೆ ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿ ಮಾಡಿ, ನಿಧಾನಕ್ಕೆ ಎಳೆಯಲು ಶುರು ಮಾಡುತ್ತಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಮಕ್ಕಳಿಗೂ ಹಿರಿಯರಿಗೂ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಸೇರಿಸಿದರೆ ಬಹಳ ಸುಲಭ. ಸ್ಟೀರಾಯ್ಡ್ ಇರುವುದಾದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಿಹುಣ್ಣು. ಖರ್ಚಿನ ಚಿಂತೆ ಇದ್ದವರು ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಬಹುದು. ಮೃಗಶಿರ ಮಳೆಯ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನಿನ ಬಾಯಲ್ಲಿಟ್ಟ ಮದ್ದು ನುಂಗಿ ಬರುವವರು ನಮ್ಮಲ್ಲೂ ಇದ್ದಾರೆ. ನಂಬಿಕೆ ಅವರವರದು. ಇನ್ಹೇಲರ್ ಮನೆಯಲ್ಲಿಟ್ಟು ಹೋಗುವುದು ಮಾತ್ರ ಬೇಡ ಮಾರಾಯ್ರೇ.

ಹೇಳಲು ಕಷ್ಟವಾದ ಒಂದು ವಿಷಯವಿದೆ. ಹುಡುಗಿಗೆ ಅಸ್ತಮಾ ಇದ್ದರೆ ಸಂಬಂಧ ಕೂಡಿಬರುವುದಿಲ್ಲವೆಂದು ಮುಚ್ಚಿಡುವುದು. ಹುಡುಗನ ಕಡೆಯವರು ಬರುವ ದಿನ ಇನ್ಹೇಲರ್ ಕಪಾಟಿನ ಒಳಗೆ ಹೋಗುತ್ತದೆ. ನಿಖಾಹ್ ಆದ ಮೇಲೆ ಅತ್ತೆ ಮನೆಯಲ್ಲಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಎಳೆಯಬೇಕು. ಕೆಲವರು ನಿಲ್ಲಿಸಿಯೇ ಬಿಡುತ್ತಾರೆ. ಬಸುರಿಯಾದಾಗ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾದೀತೆಂದು ನಿಲ್ಲಿಸುವವರೂ ಇದ್ದಾರೆ. ವೈದ್ಯರು ಹೇಳುವುದು ತದ್ವಿರುದ್ಧ. ಉಬ್ಬಸ ಹತೋಟಿ ತಪ್ಪಿ ತಾಯಿಗೆ ಆಮ್ಲಜನಕ ಕಡಿಮೆಯಾದರೆ ಮಗುವಿಗೆ ಅಪಾಯ, ಇನ್ಹೇಲರ್ ಬಿಡಬಾರದು. ಹತೋಟಿಯಲ್ಲಿರುವ ಅಸ್ತಮಾದ ಹುಡುಗಿ ಓದುತ್ತಾಳೆ, ದುಡಿಯುತ್ತಾಳೆ, ಹೆರುತ್ತಾಳೆ. ಸಂಬಂಧ ನೋಡಲು ಹೋಗುವವರು, ಅದರಲ್ಲೂ ಗಂಡಿನ ತಾಯಂದಿರು, ಇದನ್ನು ಒಂದು ದೋಷವೆಂದು ಎಣಿಸದಿದ್ದರೆ ಕಪಾಟಿನೊಳಗಿನ ಇನ್ಹೇಲರ್ ತಾನಾಗಿ ಹೊರಬರುತ್ತದೆ. ಕನ್ನಡಕ ಹಾಕುವ ಸೊಸೆಯನ್ನು ನಾವು ಬೇಡವೆನ್ನುವುದಿಲ್ಲವಲ್ಲ?

ರಂಝಾನಿನ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ. ಇನ್ಹೇಲರ್ ಎಳೆದರೆ ನೋಂಬು ಮುರಿಯುತ್ತದೆಯೇ? ಮುರಿಯುತ್ತದೆ ಎನ್ನುವ ಉಲಮಾಗಳಿದ್ದಾರೆ, ಇಲ್ಲ ಎನ್ನುವವರೂ ಇದ್ದಾರೆ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ನಿಮ್ಮ ಮೊಹಲ್ಲಾದ ಖತೀಬರನ್ನೇ ಕೇಳಿ. ಆದರೆ ರೋಗಿಗೆ ರಿಯಾಯಿತಿ ಇದೆ, ಬಿಟ್ಟ ನೋಂಬನ್ನು ಬೇರೆ ದಿನ ಹಿಡಿಯಬಹುದು, ಗುಣವಾಗುವ ಆಸೆ ಇಲ್ಲದ ವೃದ್ಧರಿಗೆ ಫಿದ್ಯ ಇದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಹತೋಟಿಯಲ್ಲಿರುವ ಹೆಚ್ಚಿನವರಿಗೆ ದಿನಕ್ಕೆ ಎರಡು ಸಲದ ಇನ್ಹೇಲರನ್ನು ಸಹರಿಗೆ ಒಮ್ಮೆ, ಇಫ್ತಾರಿಗೆ ಒಮ್ಮೆ ಎಂದು ಹೊಂದಿಸಬಹುದು. ರಂಝಾನ್ ಬರುವ ಒಂದು ತಿಂಗಳ ಮೊದಲೇ ವೈದ್ಯರ ಹತ್ತಿರ ಈ ಮಾತಾಡಿ. ಹಗಲು ದಮ್ಮು ಕಟ್ಟಿದರೆ ಮಗರಿಬ್ ಬಾಂಗಿಗೆ ಕಾಯುತ್ತಾ ಕೂರುವುದು ಮಾತ್ರ ಕೂಡದು. ಜೀವ ಉಳಿಸಿಕೊಳ್ಳುವುದೂ ದೀನಿನ ಆದೇಶವೇ.

ಯಾವಾಗ ಓಡಬೇಕು? ಒಂದು ವಾಕ್ಯ ಪೂರ್ತಿ ಮಾಡಲಾಗದೆ ಮಾತು ತುಂಡಾದರೆ, ತುಟಿ ಉಗುರು ನೀಲಿಯಾದರೆ, ಮಗುವಿನ ಪಕ್ಕೆಲುಬಿನ ಸಂದು ಒಳಗೆ ಎಳೆಯುತ್ತಿದ್ದರೆ, ಇನ್ಹೇಲರ್ ಎಳೆದರೂ ಇಳಿಯದಿದ್ದರೆ, ರೋಗಿ ಮಂಪರಾದರೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ಆಟೋ ಹಿಡಿಯಿರಿ. ಅಷ್ಟರಲ್ಲಿ ರೋಗಿಯನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಸಾಲ್ಬುಟಮಾಲ್ ಇನ್ಹೇಲರನ್ನು ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕು ಸಲ ಕೊಡಿ, ಪ್ರತಿ ಸಲ ನಾಲ್ಕು ಉಸಿರು. ನಾಲ್ಕು ನಿಮಿಷದಲ್ಲಿ ಇಳಿಯದಿದ್ದರೆ ಮತ್ತೆ ನಾಲ್ಕು. ಸುತ್ತ ಜನ ಸೇರಿ ಗಾಳಿ ಅಡ್ಡಗಟ್ಟುವುದು ಬೇಡ.

ದಕ್ಷಿಣ ಬೆಂಗಳೂರಿನವರಿಗೆ ತೋರಿಸಲು ಜಾಗ ದೂರವಿಲ್ಲ. ಜಯನಗರ ಒಂದನೇ ಬ್ಲಾಕ್ ಕಡೆಯ ಸೋಮೇಶ್ವರನಗರದಲ್ಲಿ, ನಿಮ್ಹಾನ್ಸ್ ಸಮೀಪ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಹಳಬರ ಬಾಯಲ್ಲಿ ಇವತ್ತಿಗೂ ಅದು "ಟಿಬಿ ಆಸ್ಪತ್ರೆ". ಆ ಹೆಸರಿಗೆ ಹೆದರಿ ಹೋಗದವರಿದ್ದಾರೆ. ಅಲ್ಲಿಗೆ ಹೋದವರಿಗೆಲ್ಲ ಟಿಬಿ ಇರುವುದಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಹೇಗೂ ಬೇಕು, ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ. ಮೊದಲು ಟಿಬಿ ಆಗಿ ಗುಣವಾದವರಿಗೂ ಮುಂದೆ ದಮ್ಮು ಉಳಿಯುವುದುಂಟು, ಅವರೂ ತೋರಿಸಬೇಕು. ಬೀಡಿ ಸಿಗರೇಟು ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಸಿಒಪಿಡಿ ಇದ್ದವರು ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ಕೇಳಿಕೊಳ್ಳಿ. ದಮ್ಮು ಬರುತ್ತದೆಂದು ನಡೆಯುವುದನ್ನೇ ಬಿಡಬೇಡಿ. ಬೆಳಿಗ್ಗೆ ಟ್ರಾಫಿಕ್ ಶುರುವಾಗುವ ಮೊದಲು ಹತ್ತಿರದ ಪಾರ್ಕಿನಲ್ಲಿ ನಿಂತು ನಿಂತು ಹತ್ತು ಸುತ್ತು ಹಾಕಿದರೂ ಕಾಲಿಗೆ, ಎದೆಗೆ ಬಲ.

ವೈದ್ಯರ ಹತ್ತಿರ ಹೋದಾಗ ಎದೆಯ ಎಕ್ಸ್‌ರೇಗೇ ತೃಪ್ತರಾಗಬೇಡಿ. ಅಸ್ತಮಾದಲ್ಲೂ ಸಿಒಪಿಡಿಯ ಆರಂಭದಲ್ಲೂ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಸ್ಪೈರೋಮೆಟ್ರಿ ಎಂಬ ಪರೀಕ್ಷೆ ಕೇಳಿ. ಕೊಳವೆಗೆ ಬಾಯಿಟ್ಟು ಜೋರಾಗಿ ಊದುವುದಷ್ಟೇ, ಸೂಜಿ ಇಲ್ಲ, ನೋವಿಲ್ಲ. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಎಷ್ಟು ಹೊರಬಂತೆಂದು ಯಂತ್ರ ಅಳೆಯುತ್ತದೆ. ದಮ್ಮಿನ ಮದ್ದು ಕೊಟ್ಟ ಮೇಲೂ ಅದು ಶೇ. 70ಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿಯ ಕಡೆ ಬೆರಳು ತೋರಿಸುತ್ತದೆ. ಮದ್ದಿನ ನಂತರ ಚೆನ್ನಾಗಿ ಏರಿದರೆ ಅಸ್ತಮಾದ ಕಡೆ. ಆ ದಿನ ಹೊಟ್ಟೆ ತುಂಬ ತಿಂದು ಹೋಗಬೇಡಿ, ಬಿಗಿ ಉಡುಪು ಬೇಡ. ಈಗ ಬಳಸುತ್ತಿರುವ ಇನ್ಹೇಲರ್, ಹಳೆಯ ಚೀಟಿ ಎಲ್ಲ ಕೊಂಡೊಯ್ಯಿರಿ. ನಿಖಾಬ್ ಹಾಕುವವರು ಊದುವಾಗ ಮುಖ ತೆರೆಯಬೇಕಾಗುತ್ತದೆ. ಬೇರೆ ಕೋಣೆ ಅಥವಾ ಮಹಿಳಾ ಸಿಬ್ಬಂದಿ ಬೇಕೆಂದು ಮೊದಲೇ ಕೇಳಿದರೆ ಉಮ್ಮನಿಗೆ ಸಂಕೋಚ ಇರುವುದಿಲ್ಲ. ಮೂರ್ನಾಲ್ಕು ಸಲ ಊದಿಸುತ್ತಾರೆ. ಮೊದಲ ಸಲ ಎಲ್ಲರಿಗೂ ಕೆಮ್ಮು ಬರುತ್ತದೆ, ಗಾಬರಿಯಾಗದೆ ಇನ್ನೊಮ್ಮೆ ಊದಲು ಹೇಳಿ.